ನೀವು ಬೇಡವೆಂದ ಕಪ್ಪು ಪ್ಲೇಯರ್

ಭಾವ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಬೈಯುವುದಾದರೆ ಬೈಯಿರಿ. ಸಿಡಿ ಪ್ಲೇಯರ್ ತೆಗೆದುಕೊಂಡೆ. ಯಾವುದು ಅಂತೀರಾ? ನೀವು ಮುಖ ಸಿಂಡರಿಸಿ ವಾಪಸು ಕಳಿಸಿದಿರಲ್ಲ, ಆ ಕಪ್ಪಗಿನದು. "ಇದರೊಳಗೆ ತಂಬೂರಿ ಇಲ್ಲ ಕಣಯ್ಯ, ಕಣಜದ ಹುಳ ಕೂತಿದೆ" ಎಂದಿದ್ದಿರಲ್ಲ, ಅದೇ. ನಿಮಗಿಂತ ನನ್ನ ಕಿವಿ ಚೆನ್ನಾಗಿದೆ ಎಂದು ಹೇಳುತ್ತಿಲ್ಲ. ಆದರೆ ಈ ಒಂದು ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ಸರಿಯಾದದ್ದನ್ನೇ ತಂದಿದ್ದೇನೆ. ಯಾಕೆ ಎಂದು ಪೂರ್ತಿ ಕೇಳಿ, ನಡುವೆ ಬಾಯಿ ಹಾಕಬೇಡಿ. ಈಗ ಹೇಗೂ ಹಾಕಲಾರಿರಿ. ಅದು ನನಗೆ ಅನುಕೂಲವೂ ಹೌದು, ಸಂಕಟವೂ ಹೌದು.

ನಾನು ದೋಹಾಕ್ಕೆ ಬಂದ ಮೊದಲ ಶುಕ್ರವಾರ ನೆನಪಿದೆಯೇ? ನೀವೇ ಕಂಪನಿಯಲ್ಲಿ ಮಾತಾಡಿ ಪ್ಲಾನಿಂಗ್ ವಿಭಾಗದಲ್ಲಿ ಕೆಲಸ ಕೊಡಿಸಿ ಕರೆಸಿಕೊಂಡಿದ್ದಿರಿ. ವರ್ಲ್ಡ್ ಕಪ್ ಇಲ್ಲಿಗೇ ಎಂದು ಗೊತ್ತಾಗಿ ಊರಿಗೆ ಊರನ್ನೇ ಅಗೆದು ಹಾಕಿದ್ದ ಕಾಲ ಅದು. ದೋಹಾ ಅಲ್ ಜದೀದಾದ ನನ್ನ ರೂಮಿನಿಂದ ಅಲ್ ಮುಂತಜಾದ ನಿಮ್ಮ ಫ್ಲಾಟಿಗೆ ಧೂಳು ಒರೆಸಿಕೊಳ್ಳುತ್ತ ನಡೆದು ಬಂದೆ. ಬಾಗಿಲು ತೆರೆದ ಕೂಡಲೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗಾಯಿತು. ಜೂನ್ ತಿಂಗಳು, ಎಸಿ ಬಂದ್! ನೀವು ಬನಿಯನ್ ಹಾಕಿಕೊಂಡು ಸೋಫಾದಲ್ಲಿ ಕೂತು ಬೆವರು ಸುರಿಸುತ್ತ, "ಶ್, ಎಸಿ ಹಾಕಿದ್ರೆ ತಂಬೂರಿ ಕೇಳಿಸಲ್ಲ ಕಣಯ್ಯ, ಕೂತ್ಕೋ" ಎಂದಿರಿ. ಕತಾರಿನ ಬೇಸಿಗೆಯಲ್ಲಿ ಎಸಿ ಆರಿಸಿ ಸಂಗೀತ ಕೇಳುವ ಮನುಷ್ಯ ಈ ದೇಶದಲ್ಲಿ ಇನ್ನೊಬ್ಬ ಇದ್ದನೇ? ನನಗಂತೂ ಸಿಗಲಿಲ್ಲ.

ಕೇಳುತ್ತಿದ್ದದ್ದು ಅಕ್ಕನ ಸಿಡಿ. ಅಕ್ಕ ಅಂದರೆ ನಿಮ್ಮ ವಸು, ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ವಸುಧಾ ಮೇಡಂ. ಅವಳ ಹಾಡಿಕೆಯದು ಅದೊಂದೇ ರೆಕಾರ್ಡಿಂಗ್. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಅಕ್ಕ "ಕುಕ್ಕರ್ ಇಟ್ಟಿದೀನಿ" ಎಂದು ಎದ್ದು ಹೋದಳು. ನೀವು ನನ್ನ ಕಡೆ ಬಾಗಿ, ಗುಟ್ಟು ಹೇಳುವವರ ಹಾಗೆ ಹೇಳಿದಿರಿ. "ನೋಡಿದ್ಯಾ? ಯಾವಾಗ್ಲೂ ಹೀಗೇ. ತನ್ನ ದನಿ ತಾನೇ ಕೇಳಕ್ಕಾಗಲ್ಲ ಅವಳಿಗೆ. ತಪ್ಪು ಅವಳದಲ್ಲ, ಈ ಡಬ್ಬ ಪ್ಲೇಯರ್‌ದು. ಕಿವಿಗೆ ಚುಚ್ಚತ್ತೆ. ಒಂದು ಒಳ್ಳೇದು ತರ್ತೀನಿ, ಮೃದುವಾಗಿ, ಸಹಜವಾಗಿ ನುಡಿಯೋ ಅಂಥದ್ದು. ಒಂದು ದಿನ ಅವಳು ಎದ್ದು ಹೋಗದೆ ಮಂಗಳದವರೆಗೂ ಕೂತು ಕೇಳ್ಬೇಕು." ಅಷ್ಟೇ ನಿಮ್ಮ ಆಸೆ. ಮನೆ ಕಟ್ಟಿಸಬೇಕು, ಕಾರು ಬದಲಾಯಿಸಬೇಕು ಎಂದು ನೀವು ಹೇಳಿದ್ದು ನಾನು ಕೇಳಿಯೇ ಇಲ್ಲ.

ಆ ಸಿಡಿಯಲ್ಲಿರುವ ಕಚೇರಿಯ ದಿನ ನಾನೂ ವೇದಿಕೆಯ ಮೇಲಿದ್ದೆನಲ್ಲ. ಮೈಸೂರಿನ ನಮ್ಮ ಬಡಾವಣೆಯ ರಾಮೋತ್ಸವದ ಚಪ್ಪರ. ಅಕ್ಕ ಮುಂದೆ, ಪಿಟೀಲು ಮೃದಂಗ ಆಚೆ ಈಚೆ, ಹಿಂದೆ ಹೈಸ್ಕೂಲು ಆಗಷ್ಟೇ ಮುಗಿಸಿದ್ದ ನಾನು, ನನಗಿಂತ ಎತ್ತರದ ತಂಬೂರಿ ಅಪ್ಪಿಕೊಂಡು. ನಿಮ್ಮಿಬ್ಬರಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನೀವು ಚಾಮರಾಜನಗರದ ಕಡೆಯ ರಸ್ತೆ ಕೆಲಸದಿಂದ ನೇರವಾಗಿ ಬಸ್ಸು ಹಿಡಿದು ಬಂದವರು, ತಲೆಯ ಮೇಲೆ ಧೂಳು ಇದ್ದ ಹಾಗೇ, ಜಮಖಾನದ ಮೇಲೆ ಎಲ್ಲರಿಗಿಂತ ಮುಂದೆ ಕೂತಿರಿ. ಕೂತು ಕಣ್ಣು ಮುಚ್ಚಿದಿರಿ. ಅಕ್ಕ ವೇದಿಕೆಯ ಮೇಲಿಂದ ನೋಡಿದಳು, ಅಮ್ಮ ನೋಡಿದರು, ಊರೆಲ್ಲ ನೋಡಿತು. ಹೆಂಡತಿಯ ಕಚೇರಿಯಲ್ಲಿ ಅಳಿಯಂದಿರು ಗೊರಕೆ ಹೊಡೆದರು ಎಂಬ ಮಾತು ಅಂದಿನಿಂದ ನಿಮ್ಮ ಬೆನ್ನು ಬಿಟ್ಟಿತೇ? ಮದುವೆ ಮುಂಜಿಯಲ್ಲಿ ಊಟಕ್ಕೆ ಕೂತಾಗಲೆಲ್ಲ ಯಾರಾದರೊಬ್ಬರು ತೆಗೆಯುವುದೇ. "ನಿದ್ದೆ ಮಾಡ್ತಿರ್ಲಿಲ್ಲ, ಕಣ್ಣು ಮುಚ್ಕೊಂಡು ಕೇಳ್ತಿದ್ದೆ" ಎಂದು ನೀವು. "ಹೌದೌದು, ತಲೆ ಬೇರೆ ತೂಗ್ತಿತ್ತು" ಎಂದು ಅಕ್ಕ. ನಾನೂ ಸೇರಿಕೊಂಡು ನಗುತ್ತಿದ್ದೆ. ನಂಬಿದವರು ಒಬ್ಬರೂ ಇರಲಿಲ್ಲ.

ಶೆಟ್ರ ಅಂಗಡಿಗೆ ಹೋಗುತ್ತಿದ್ದ ಆ ಶುಕ್ರವಾರದ ಸಂಜೆಗಳು... ಅವನ್ನು ನೆನೆದರೆ ಈಗಲೂ ನಗು ಬರುತ್ತದೆ. ಮುಶೈರಿಬ್‌ನಲ್ಲಿ ಮಂಗಳೂರು ಕಡೆಯ ಶೆಟ್ರ ಟೀವಿ ಅಂಗಡಿ, ಹಿಂದುಗಡೆ ಒಂದು ಸಣ್ಣ ರೂಮು, ಗೋಡೆಗೆ ದಪ್ಪ ಪರದೆ, ಎರಡು ದೊಡ್ಡ ಸ್ಪೀಕರು. ಶೆಟ್ರು ತಮ್ಮ ಡೆಮೋ ಸಿಡಿ ಹಾಕಿ ಗಾಜು ಒಡೆಯುವ ಸದ್ದು, ರೈಲು ಹೋಗುವ ಸದ್ದು ಕೇಳಿಸುತ್ತಿದ್ದರು. ನೀವು ಅದನ್ನು ಮರ್ಯಾದೆಗೆ ಕೇಳಿ, ಆಮೇಲೆ ಕಿಸೆಯಿಂದ ಅಕ್ಕನ ಸಿಡಿ ತೆಗೆಯುತ್ತಿದ್ದಿರಿ. ಅಕ್ಕ ಬಾಯಿ ತೆರೆಯುವ ಮೊದಲು ಒಂದಷ್ಟು ಹೊತ್ತು ಬರಿಯ ಶ್ರುತಿ ಬರುತ್ತದಲ್ಲ, ಅದೇ ನಿಮ್ಮ ಪರೀಕ್ಷೆ. "ತಂಬೂರಿ ಸರಿಯಾಗಿ ಬಂದ್ರೆ ಎಲ್ಲಾ ಸರಿಯಾಗಿ ಬಂದ ಹಾಗೇ. ಇದು ನನ್ನ ಭಾಮೈದ ಮೀಟಿರೋದು, ಶೆಟ್ರೇ, ಕೇಳಿ!" ನಾನು ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ನಿಲ್ಲುತ್ತಿದ್ದೆ. ಮೊದಲ ಹಾಡು ಮುಗಿಯುವ ಮೊದಲೇ ನಿಮ್ಮ ಹುಬ್ಬು ಗಂಟು ಹಾಕಿಕೊಳ್ಳುತ್ತಿತ್ತು. ನಿಲ್ಲಿಸಿ ಎಂದು ಕೈ ತೋರಿಸಿ, ಸಿಡಿ ಜೇಬಿಗೆ ಹಾಕಿಕೊಂಡು, ಬೆಳ್ಳಿ ಬಣ್ಣದ ಜಪಾನಿನದನ್ನೂ ಬೇಡವೆಂದಿರಿ, ಎತ್ತಲು ಇಬ್ಬರು ಬೇಕಿದ್ದ ಭಾರದ್ದನ್ನೂ ಬೇಡವೆಂದಿರಿ. ಶೆಟ್ರು ನನ್ನ ಕಿವಿಯಲ್ಲಿ ಹೇಳಿದ್ದರು. "ನಿಮ್ಮ ಭಾವನವರು ಪ್ಲೇಯರ್ ನೋಡ್ಲಿಕ್ಕೆ ಬರುದಲ್ಲ ಮಾರಾಯ್ರೆ, ಹೆಣ್ಣು ನೋಡ್ಲಿಕ್ಕೆ ಬಂದ ಹಾಗೆ ಬರುದು. ಚಾ ಕುಡಿದು, ಮನೆಗೆ ಹೋಗಿ ತಿಳಿಸ್ತೇವೆ ಅಂತ ಹೇಳಿ ಹೋಗುದು."

ಕಪ್ಪು ಪ್ಲೇಯರನ್ನು ಮನೆಗೇ ತಂದು ಕೇಳಿದ ದಿನವನ್ನಂತೂ ಮರೆಯಲಾರೆ. ನೋಡಲು ಏನೂ ಇಲ್ಲ, ಮುಂದೆ ನಾಲ್ಕು ಗುಂಡಿ, ಅಷ್ಟೇ. ನೀವು ಮೂಲೆಯಲ್ಲಿದ್ದ ತಂಬೂರಿಯ ಗವಸು ತೆಗೆದಿರಿ. ಹೌದು, ಅದೇ ತಂಬೂರಿ, ಅಕ್ಕನ ಹಿಂದೆ ನಾನು ಮೀಟಿದ್ದು. ರಜಾಯಿ ಸುತ್ತಿ, ವಿಮಾನ ನಿಲ್ದಾಣದಲ್ಲಿ ಎಲ್ಲರ ಕೈಕಾಲು ಹಿಡಿದು, ಮಗುವಿನಂತೆ ತಂದಿದ್ದಿರಿ. ತಂತಿ ಮೀಟಿದಿರಿ, ಕೇಳಿದಿರಿ. ಪ್ಲೇಯರ್ ಹಾಕಿದಿರಿ, ಕೇಳಿದಿರಿ. ಮತ್ತೆ ತಂತಿ, ಮತ್ತೆ ಪ್ಲೇಯರ್. ಎದುರಿಗಿರುವುದು ಜೇನು, ಡಬ್ಬದಲ್ಲಿರುವುದು ಕಣಜ. ಎಂದಿನಂತೆ ಮೊದಲ ಹಾಡಿನಲ್ಲೇ ನಿಲ್ಲಿಸಿದಿರಿ. ಅಕ್ಕ ಎಂದಿನಂತೆ ಅಡುಗೆಮನೆಯಲ್ಲಿದ್ದಳು. ಆಮೇಲೆ ಶೆಟ್ರು ಇನ್ನೊಂದು ತೋರಿಸಿದರಲ್ಲ, ಹಳೆಯ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳು ಒಳಗೆ ಕೆಂಪಗೆ ಹೊಳೆಯುವಂಥದ್ದು, ಅದರ ಮುಂದೆ ಮಾತ್ರ ನಿಮ್ಮ ಹುಬ್ಬು ಸಡಿಲವಾಯಿತು. "ಇದು ಪರವಾಗಿಲ್ಲ ಕಣಯ್ಯ. ತಂಬೂರಿ ಹತ್ತಿರ ಹತ್ತಿರ ಬಂದಿದೆ." ಆದರೂ ಹತ್ತಿರ ಹತ್ತಿರ ಸಾಲದು ನಿಮಗೆ. ಸ್ಟೇಡಿಯಮ್ಮಿನ ರಸ್ತೆ ಮುಗಿಯಲಿ, ಕಪ್ ಬರುವ ಹೊತ್ತಿಗೆ ನೋಡೋಣ ಎಂದಿರಿ.

ಕಪ್ ಬರುವ ವರ್ಷದ ಬೇಸಿಗೆಯಲ್ಲಿ ನೀವು ಸೈಟಿನಿಂದ ಬಂದು ಬೂಟು ಬಿಚ್ಚಲು ಕೂತವರು ಮೇಲೇಳಲಿಲ್ಲ. ಅದನ್ನು ಇಲ್ಲಿ ವಿವರಿಸುವುದಿಲ್ಲ, ನಿಮಗೆ ಗೊತ್ತಿರುವುದೇ. ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂತು, ಅಷ್ಟು ಹೇಳುತ್ತೇನೆ. ಮೈಸೂರಿನಲ್ಲಿ ಎಲ್ಲ ಮುಗಿಸಿ ಅಕ್ಕ ವಾಪಸು ಬಂದಳು, ಶಾಲೆಗೆ ಹೋದಳು, ಪಾಠ ಮಾಡಿದಳು. ಆದರೆ ಮನೆಯಲ್ಲಿ ಸಂಗೀತ ನಿಂತುಹೋಯಿತು. ಶನಿವಾರ ಮನೆಗೆ ಪಾಠಕ್ಕೆ ಬರುತ್ತಿದ್ದ ಕನ್ನಡದ ಮಕ್ಕಳಿಗೆ, ಆಮೇಲೆ ಹೇಳಿ ಕಳಿಸ್ತೀನಿ ಎಂದುಬಿಟ್ಟಳು. ತಂಬೂರಿಗೆ ಗವಸು ಹಾಕಿದ್ದು ಹಾಕಿಯೇ ಇತ್ತು. ಹಳೆಯ ಪ್ಲೇಯರ್ ಕೂಡ ಸಿಡಿ ಒಳಗೆ ಎಳೆದುಕೊಳ್ಳುವುದನ್ನು ನಿಲ್ಲಿಸಿತ್ತು. ಎಸಿ ಮಾತ್ರ ಇಡೀ ದಿನ ಗುಂಯ್ ಎನ್ನುತ್ತಿತ್ತು, ಆರಿಸುವವರು ಯಾರೂ ಇರಲಿಲ್ಲ. ನೀವು ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಬೇಕು, ಅವಳನ್ನು ಕೂರಿಸಿ ಆ ಸಿಡಿ ಕೇಳಿಸಬೇಕು ಎಂದು ನಾನು ಆಗಲೇ ಗಟ್ಟಿ ಮಾಡಿಕೊಂಡೆ.

ಶೆಟ್ರ ಅಂಗಡಿಗೆ ಮತ್ತೆ ಹೋದಾಗ ಊರು ನೀವು ನೋಡಿದ ಊರಾಗಿರಲಿಲ್ಲ. ನವೆಂಬರ್, ಬೀದಿ ತುಂಬ ಬಾವುಟ, ಎಲ್ಲೆಲ್ಲಿಯದೋ ಭಾಷೆಯ ಜನ, ನೀವು ಹಾಕಿಸಿದ ರಸ್ತೆಯ ಮೇಲೆ ಹಾಡಿಕೊಂಡು ಹೋಗುತ್ತಿದ್ದರು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲರಿಗೂ ಗೋಡೆಯಷ್ಟು ದೊಡ್ಡ ಟೀವಿ ಬೇಕು. ಶೆಟ್ರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಹಿಂದಿನ ರೂಮು ತೋರಿಸಿದರು. ಪರದೆ ಬಿಚ್ಚಿ ಟೀವಿ ಡಬ್ಬ ಪೇರಿಸಿದ್ದರು. "ಈ ರೂಮು ಖಲಾಸ್ ಸರ್. ಸಿಡಿ ಈಗ ಯಾರಿಗೆ ಬೇಕು ಹೇಳಿ? ಎರಡು ಪೀಸ್ ಉಂಟು ಅಷ್ಟೆ, ಆ ವಾಲ್ವಿಂದು ಮತ್ತೆ ಆ ಕಪ್ಪು. ಎರಡನ್ನೂ ಮನೆಗೆ ಕೊಂಡೋಗಿ, ಕೇಳಿ. ಒಂದು ಇಟ್ಕೊಳ್ಳಿ, ಒಂದು ವಾಪಸ್ ತನ್ನಿ. ಯಲ್ಲಾ, ಹೊರಡಿ, ಇನ್ನು ತಡ ಮಾಡ್ಬೇಡಿ."

ಶುಕ್ರವಾರ ಬೆಳಿಗ್ಗೆ ಎರಡನ್ನೂ ಊಟದ ಮೇಜಿನ ಮೇಲೆ ಜೋಡಿಸಿದೆ. ಹಿಂದಿನ ದಿನದ ಮ್ಯಾಚಿನ ಗಲಾಟೆ ಮುಗಿದು ಊರು ಮಲಗಿತ್ತು. ಅಕ್ಕ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ನಿಮ್ಮ ಶಾಸ್ತ್ರವನ್ನೆಲ್ಲ ಒಂದೂ ಬಿಡದೆ ಮಾಡಿದೆ. ಎಸಿ ಆರಿಸಿದೆ, ಗವಸು ತೆಗೆದೆ, ಶ್ರುತಿ ಸೇರಿಸಿದೆ, ಮೀಟಿದೆ, ಕೇಳಿದೆ. ವಾಲ್ವ್‌ನದು ತುಪ್ಪದಂತೆ ಹರಿಯಿತು. ಕಪ್ಪಿನದರಲ್ಲಿ ನೀವು ಹೇಳಿದ ಹಾಗೇ ಕಣಜ. ಮತ್ತೇನು ಯೋಚನೆ? "ಅಕ್ಕಾ, ವಾಲ್ವ್‌ನದೇ ಇರ್ಲಿ. ಭಾವ ಹೇಳಿದ್ದೇ ಸರಿ. ತಂಬೂರಿ ಇದರಲ್ಲೇ ಚೆನ್ನಾಗಿದೆ" ಎಂದು ಕೂಗಿದೆ.

ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು. ಅಕ್ಕ ಬಾಗಿಲಿಗೆ ಬಂದು ನಿಂತಳು. ತಿಂಗಳುಗಟ್ಟಲೆ ಕಲ್ಲಿನ ಹಾಗಿದ್ದ ಮುಖ, ಭಾವ, ಅದರ ತುಟಿಯ ಕೊನೆ ಅಲುಗುತ್ತಿತ್ತು.

"ಅದು ತಂಬೂರಿ ಅಲ್ಲ ಕಣೋ" ಎಂದಳು.

"ಮತ್ತೆ?"

"ಪೆಟ್ಟಿಗೆ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಪಿಟೀಲಿನವರು ತಂದಿದ್ರು. ನೀನು ಹಿಂದೆ ಕೂತು ಮೀಟ್ತಿದ್ದದ್ದು ನನಗೇ ಕೇಳಿಸ್ತಿರ್ಲಿಲ್ಲ, ಇನ್ನು ಮೈಕಿಗೆಲ್ಲಿಂದ ಕೇಳಿಸ್ಬೇಕು? ಅದಕ್ಕೆ ಅವರು ಪೆಟ್ಟಿಗೇನ ನನ್ನ ಮೈಕಿನ ಪಕ್ಕದಲ್ಲೇ ಇಟ್ಟು, ಮೇಲೆ ಶಲ್ಯ ಹೊದಿಸಿದ್ರು."

"ಸುಳ್ಳು!"

"ಸುಳ್ಳು ಯಾಕೆ ಹೇಳ್ಲಿ? ನೀನೇ ಕೇಳು. ಒಂದೇ ಸಮ, ಎಲ್ಲಾದ್ರೂ ಉಸಿರು ತಗೊಳತ್ತಾ ನೋಡು."

ಆಗ ನನಗೆ ಸೊಳ್ಳೆ ನೆನಪಾಯಿತು. ರಾಮೋತ್ಸವದ ಚಪ್ಪರದ ಸೊಳ್ಳೆಗಳು ಗೊತ್ತಲ್ಲ ನಿಮಗೆ. ಮೊದಲ ಹಾಡಿನ ನಡುವೆಯೇ ಕಾಲು ಕೆರೆದುಕೊಳ್ಳಲು ನಾನು ಎಷ್ಟು ಸಲ ಕೈ ನಿಲ್ಲಿಸಿದ್ದೆ! ಸಿಡಿಯಲ್ಲಿ ಮಾತ್ರ ಶ್ರುತಿ ಒಂದು ಕ್ಷಣವೂ ನಿಂತಿಲ್ಲ. ಇಷ್ಟು ವರ್ಷ ಕೇಳಿದ್ದೇನೆ, ನನ್ನ ತಂಬೂರಿ ಎಂದು ಎದೆ ಉಬ್ಬಿಸಿದ್ದೇನೆ, ಒಮ್ಮೆಯೂ ಹೊಳೆಯಲಿಲ್ಲ. ನಿಮ್ಮದೂ ಅದೇ ಕಥೆ. ಚಪ್ಪರದಲ್ಲಿ ತಂಬೂರಿ ಕಣ್ಣಿಗೆ ಕಂಡಿತು, ಅದನ್ನು ಅಪ್ಪಿಕೊಂಡಿದ್ದವನು ನಿಮ್ಮ ಭಾಮೈದ, ಇನ್ನು ಕಿವಿಯ ಮಾತು ಕೇಳುವವರು ಯಾರು?

"ಅದಕ್ಕೇ ಎದ್ದು ಹೋಗ್ತಿದ್ಯಾ?" ಎಂದೆ.

"ಇನ್ನೇನೋ ಮಾಡ್ಲಿ? ಬಂದೋರಿಗೆಲ್ಲ ಭಾಮೈದನ ತಂಬೂರಿ ಕೇಳಿ, ಭಾಮೈದನ ತಂಬೂರಿ ಕೇಳಿ ಅಂತ ಅವರು. ಪಕ್ಕದಲ್ಲಿ ದೊಡ್ಡ ವಿದ್ವಾಂಸನ ಹಾಗೆ ನೀನು. ಎದುರಿಗೆ ಕೂತ್ರೆ ನಗು ತಡೆಯಕ್ಕಾಗ್ತಿರ್ಲಿಲ್ಲ. ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಕೊಂಡು ನಗ್ತಿದ್ದೆ." ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು. "ಆಮೇಲೆ ಅವರು ಪ್ಲೇಯರ್ ಹುಡುಕಕ್ಕೆ ಹೊರಟ್ರು. ನನಗೋಸ್ಕರ ಅಂತ ಗೊತ್ತಿತ್ತು. ಅಷ್ಟೊತ್ತಿಗೆ ಹೇಳೋ ಕಾಲ ಮೀರಿತ್ತು. ಹೇಗೆ ಹೇಳ್ಲಿ, ನೀನೇ ಹೇಳು..."

ಭಾವ, ಈಗ ನಿಮಗೆ ಅರ್ಥವಾಗಿರಬೇಕು. ಶೆಟ್ರು ತೋರಿಸಿದ ಪ್ಲೇಯರ್ ಒಂದಕ್ಕಿಂತ ಒಂದು ಒಳ್ಳೆಯದಿತ್ತು. ಒಳ್ಳೆಯದಾದಷ್ಟೂ ಪೆಟ್ಟಿಗೆಯನ್ನು ಪೆಟ್ಟಿಗೆ ಎಂದೇ ಹೇಳಿತು. ನಿಜ ಹೇಳಿದ ತಪ್ಪಿಗೆ ನೀವು ಅವನ್ನೆಲ್ಲ ಬೇಡವೆಂದಿರಿ. ಎಲ್ಲದರ ಮೇಲೂ ತುಪ್ಪ ಸುರಿಯುವ ಆ ವಾಲ್ವ್‌ನದಕ್ಕೆ ಮಾತ್ರ ತಲೆದೂಗಿದಿರಿ. ಮೃದು ಎಂದರೆ ಮುಚ್ಚಿಡುವುದೇ? ಸಹಜ ಎಂದರೆ ಇದ್ದದ್ದು ಇದ್ದ ಹಾಗೆ ಬರುವುದಲ್ಲವೇ? ನಾನು ಕಪ್ಪಿನದನ್ನು ಮತ್ತೆ ಹಾಕಿದೆ, ಈ ಸಲ ಶ್ರುತಿಯನ್ನು ಬಿಟ್ಟು ಅಕ್ಕನ ದನಿಯನ್ನು ಕೇಳಿದೆ. ಮೇಲಿನ ಷಡ್ಜಕ್ಕೆ ಹೋಗುವ ಮುನ್ನ ಅವಳ ಗಂಟಲಲ್ಲಿ ಒಂದು ಸಣ್ಣ ಒರಟು ಬರುತ್ತದೆ, ನಿಮಗೆ ಬಹಳ ಇಷ್ಟವಾದದ್ದು. ವಾಲ್ವ್‌ನಲ್ಲಿ ಅದು ಕರಗಿಹೋಗಿತ್ತು. ಇದರಲ್ಲಿ ಅಕ್ಕನೇ ಪಕ್ಕದಲ್ಲಿ ಕೂತು ಹಾಡಿದ ಹಾಗಿತ್ತು. ಅಲ್ಲಿಗೆ ನನ್ನ ತೀರ್ಮಾನ ಮುಗಿಯಿತು.

ಅಕ್ಕ ಎದ್ದು ಹೋಗಲಿಲ್ಲ. ಮುಚ್ಚಿಡುವುದು ಇನ್ನೇನೂ ಉಳಿದಿರಲಿಲ್ಲವಲ್ಲ, ಹುರುಳಿಕಾಯಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟಳು. ನಾವು ಮೂವರಲ್ಲಿ ಯಾರೂ ಸರಿಯಾದ ಪ್ಲೇಯರ್‌ನಲ್ಲಿ ಮೊದಲ ಹಾಡನ್ನು ದಾಟಿದವರಲ್ಲ. ಆ ಹಾಡು ಮುಗಿಯಿತು. ಚಪ್ಪಾಳೆ ಬಂತು, ತೆಳುವಾಯಿತು, ನಿಂತಿತು. ಪಿಟೀಲಿನವರು ತಂತಿ ಸರಿಮಾಡಿಕೊಳ್ಳುವ ಮೊದಲು ಒಂದು ಚೂರು ಹೊತ್ತು ಬರಿಯ ಶ್ರುತಿಯಿದೆ. ಹಳೆಯ ಪ್ಲೇಯರ್‌ನಲ್ಲಿ ಅಲ್ಲಿ ಏನೋ ಜಮಖಾನ ಎಳೆದ ಹಾಗೆ ಗೊರಗೊರ ಕೇಳಿಸುತ್ತಿತ್ತು, ನಾವದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದು ಮಾತು, ಭಾವ. ಮುಂದಿನ ಸಾಲಿನಲ್ಲಿ ಯಾರೋ ವಯಸ್ಸಾದವರು ಮೆಲ್ಲಗೆ ಕೇಳುತ್ತಾರೆ.

"ಹಾಡ್ತಿರೋದು ಯಾರ್ರೀ?"

ಧೂಳು ಕುಡಿದು ಕಟ್ಟಿದ ಗಂಟಲಿನ ದನಿಯೊಂದು, ಜಂಬ ಅಡಗಿಸಲು ನೋಡಿ ಆಗದೆ, ಹೇಳುತ್ತದೆ.

"ನಮ್ಮನೆಯವ್ರು."

ಅಷ್ಟೇ. ಆಮೇಲೆ ಪಿಟೀಲು. ಅಕ್ಕ ತಟ್ಟೆ ಕೆಳಗಿಟ್ಟಳು. "ಹಿಂದಕ್ಕೆ ಹಾಕು" ಎಂದಳು. ಹಾಕಿದೆ. ಮತ್ತೆ ಹಾಕಿಸಿದಳು. ನಾನು ಅವಳ ಕಡೆ ನೋಡಲು ಹೋಗಲಿಲ್ಲ, ನನ್ನ ಕಣ್ಣೇ ನೆಟ್ಟಗಿರಲಿಲ್ಲ. ಮೂರನೆಯ ಸಲ ಕೇಳಿದ ಮೇಲೆ ಅವಳು ತನಗೆ ತಾನೇ ಎಂಬಂತೆ ಹೇಳಿದಳು. "ನಿದ್ದೆ ಮಾಡಿರ್ಲಿಲ್ಲ ಕಣೋ ಅವರು."

ಮಂಗಳದವರೆಗೂ ಕೂತಳು, ಭಾವ. ಎದ್ದು ಹೋಗಲಿಲ್ಲ. ಹುರುಳಿಕಾಯಿ ಅಲ್ಲೇ ಉಳಿಯಿತು, ಆ ದಿನ ಊಟಕ್ಕೆ ಮೊಸರನ್ನ, ಉಪ್ಪಿನಕಾಯಿ. ಅದೇ ಜಾಗವನ್ನು ವಾಲ್ವ್‌ನದರಲ್ಲೂ ಹಾಕಿ ನೋಡಿದೆ. ಬರಿಯ ಗೊರಗೊರ. ಶೆಟ್ರಿಗೆ ಅದನ್ನು ವಾಪಸು ಕೊಟ್ಟಾಗ, "ಕಡೆಗೂ ಹೆಣ್ಣು ಒಪ್ಪಿಗೆ ಆಯ್ತಾ ಮಾರಾಯ್ರೆ?" ಎಂದರು. ಆಯಿತು ಎಂದೆ.

ಈಗ ನಿಮಗೆ ತಲುಪಿಸಲೇಬೇಕಾದ ಸುದ್ದಿ. ಆ ಮಧ್ಯಾಹ್ನವೇ ಅಕ್ಕ ಮೈಸೂರಿಗೆ ಫೋನ್ ಮಾಡಿದಳು. ಮೊದಲು ಅಮ್ಮನಿಗೆ, ಆಮೇಲೆ ಚಿಕ್ಕಮ್ಮನಿಗೆ, ಆಮೇಲೆ ಮದುವೆ ಮನೆಗಳಲ್ಲಿ ನಿಮ್ಮನ್ನು ಗೋಳು ಹೊಯ್ದುಕೊಂಡವರಿಗೆಲ್ಲ, ಒಬ್ಬರನ್ನೂ ಬಿಡಲಿಲ್ಲ. "ನಿದ್ದೆ ಮಾಡಿರ್ಲಿಲ್ಲಮ್ಮ ಅವರು, ಕಣ್ಣು ಮುಚ್ಕೊಂಡು ಕೇಳ್ತಿದ್ರು, ಸಾಕ್ಷಿ ಇದೆ" ಎಂದು ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು ಕೇಳಿಸಿದಳು. ನೀವು ಇದ್ದಾಗ ಗೆಲ್ಲಲಾಗದ ವಾದವನ್ನು ನಿಮ್ಮ ಹೆಂಡತಿಯೇ ನಿಂತು ಗೆದ್ದುಕೊಟ್ಟಿದ್ದಾಳೆ. ಇನ್ನು ಯಾವ ಊಟದ ಪಂಕ್ತಿಯಲ್ಲೂ ಯಾರೂ ನಿಮ್ಮ ಗೊರಕೆಯ ಮಾತು ತೆಗೆಯಲಾರರು.

ಶನಿವಾರದ ಮಕ್ಕಳು ಮತ್ತೆ ಬರುತ್ತಿದ್ದಾರೆ. ಇಲ್ಲಿನ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಅಕ್ಕ ಹಾಡಲು ಒಪ್ಪಿದ್ದಾಳೆ, ಕೇಳಿದವರೇ ನಂಬಲಿಲ್ಲ. ರೆಕಾರ್ಡ್ ಮಾಡಿಸಿ ಸಿಡಿ ಮಾಡಿಸುವ ಜವಾಬ್ದಾರಿ ನನ್ನದು. ಅವಳ ಷರತ್ತು ಎರಡು. ಪೆಟ್ಟಿಗೆ ಹತ್ತಿರ ಸುಳಿಯಕೂಡದು, ಮತ್ತು ತಂಬೂರಿಗೆ ಅದರದೇ ಮೈಕ್ ಇರಬೇಕು. ಮೀಟುವವನು ಯಾರು ಎಂದು ಬೇರೆ ಕೇಳುತ್ತೀರಾ? ನೀವು ಇಷ್ಟು ವರ್ಷ ಊರಿಗೆಲ್ಲ ಹೊಗಳಿದ ತಂಬೂರಿಯನ್ನು ಈ ಸಲ ನಿಜವಾಗಿ ಕೇಳಿಸುತ್ತೇನೆ. ಸೊಳ್ಳೆ ಎಷ್ಟೇ ಕಚ್ಚಲಿ, ಭಾವ, ಕೈ ನಿಲ್ಲಿಸುವುದಿಲ್ಲ.

ಅಕ್ಕನ ಹಿಂದೆ ಕೂತಿರುವ,
ನಿಮ್ಮ ಭಾಮೈದ
ಶ್ರೀಧರ